ಪಟಕ್ಕೆ ಬಾಡಿಗೆ ಎಷ್ಟು?

2022ರ ಜೂನ್ 6ರ ಸಂಜೆ ಬೆಂಗಳೂರಿನ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮೊದಲ ರೈಲು ಎರ್ನಾಕುಲಂ ಕಡೆಗೆ ಹೊರಟಿತು. ಸುಮಾರು 314 ಕೋಟಿ ರೂಪಾಯಿ ಖರ್ಚಿನಲ್ಲಿ ಎದ್ದು, ವರ್ಷಕ್ಕೂ ಹೆಚ್ಚು ಕಾಲ ಪ್ರಯಾಣಿಕರಿಲ್ಲದೆ ನಿಂತಿದ್ದ ಹವಾನಿಯಂತ್ರಿತ ನಿಲ್ದಾಣ ಅದು. ಅಂದಿನಿಂದ ಅದರ ಚಿತ್ರ ಸುದ್ದಿಪುಟಗಳಲ್ಲಿ, ಪ್ರವಾಸದ ಆ್ಯಪ್‌ಗಳಲ್ಲಿ, ‘ನಿಲ್ದಾಣಕ್ಕೆ ಐದೇ ನಿಮಿಷ’ ಎನ್ನುವ ಫ್ಲ್ಯಾಟ್ ಜಾಹೀರಾತುಗಳಲ್ಲಿ ತಿರುಗುತ್ತಲೇ ಇದೆ. ಆ ಚಿತ್ರಗಳನ್ನು ಯಾರೋ ಬಿಸಿಲಲ್ಲಿ ನಿಂತು ತೆಗೆದಿದ್ದಾರೆ. ಅವರಿಗೆ ಎಷ್ಟು ಸಿಕ್ಕಿತು? ಸಿಕ್ಕಿತೇ?

ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ವ್ಯಾಪಾರವಿದೆ. ಇಂಗ್ಲಿಷಿನಲ್ಲಿ ಅದನ್ನು ಸ್ಟಾಕ್ ಫೋಟೊಗ್ರಫಿ ಎನ್ನುತ್ತಾರೆ. ಮೊದಲೇ ತೆಗೆದಿಟ್ಟ ಚಿತ್ರಗಳ ದಾಸ್ತಾನು ಮಾಡಿಕೊಂಡು, ಬೇಕಾದವರಿಗೆ ಬೇಕಾದ ಬಳಕೆಗೆ ಪರವಾನಗಿ ಕೊಡುವುದು ಇದರ ಕೆಲಸ. ಇಲ್ಲಿ ಚಿತ್ರವನ್ನು ಮಾರುವುದಿಲ್ಲ, ಮನೆಯಂತೆ ಬಾಡಿಗೆಗೆ ಕೊಡುತ್ತಾರೆ. ಒಡೆತನ ತೆಗೆದವರಲ್ಲೇ ಉಳಿಯುತ್ತದೆ, ಬಳಸುವ ಹಕ್ಕಷ್ಟೇ ಕೈ ದಾಟುತ್ತದೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ಬಾಡಿಗೆ ಸಾವಿರಾರು ರೂಪಾಯಿಯಿಂದ ಬಿಡಿಗಾಸಿಗೆ ಇಳಿದಿದೆ. ಈಗ ಕ್ಯಾಮೆರಾವೇ ಇಲ್ಲದೆ ಹುಟ್ಟುವ ಚಿತ್ರಗಳು ಬಂದಿವೆ. ಆದರೂ ಈ ಇಳಿತ ಎಲ್ಲ ಚಿತ್ರಗಳಿಗೂ ಒಂದೇ ಬಗೆಯದಲ್ಲ. ಬೆಲೆ ಯಾವುದಕ್ಕೆ ಹೋಯಿತು, ಯಾವುದಕ್ಕೆ ಉಳಿಯಿತು ಎನ್ನುವುದನ್ನು ಬೈಯಪ್ಪನಹಳ್ಳಿಯಲ್ಲೇ ನಿಂತು ನೋಡಬಹುದು. ಹದಿನೈದು ವರ್ಷಗಳಿಂದ ಬೆಂಗಳೂರಿನಲ್ಲಿ ಇಷ್ಟೊಂದು ಸಲ ಮುಖ ಬದಲಿಸಿಕೊಂಡ ಜಾಗಗಳು ಕಡಿಮೆ.

ಹಳೆಯ ಕಾಲದ ಲೆಕ್ಕ ಬೇರೆಯಿತ್ತು. ಛಾಯಾಗ್ರಾಹಕರು ಸ್ಲೈಡ್‌ಗಳನ್ನು ಪ್ಲಾಸ್ಟಿಕ್ ಹಾಳೆಗಳಲ್ಲಿ ಜೋಡಿಸಿ ಏಜೆನ್ಸಿಗೆ ಕೊಡುತ್ತಿದ್ದರು. ಮುಂಬೈಯ ದಿನೋಡಿಯಾದಂಥ ಏಜೆನ್ಸಿಗಳು ಅವನ್ನು ವಿಷಯವಾರು ವಿಂಗಡಿಸಿ ಬೀರುಗಳಲ್ಲಿ ಇಡುತ್ತಿದ್ದವು. ಕ್ಯಾಲೆಂಡರ್ ಮಾಡುವವರು, ಜಾಹೀರಾತು ಸಂಸ್ಥೆಗಳು, ಪಠ್ಯಪುಸ್ತಕದ ಪ್ರಕಾಶಕರು ಬಂದು ಕೇಳಿದಾಗ ಬೆಲೆ ಕಟ್ಟುವುದೇ ಒಂದು ವಿದ್ಯೆಯಾಗಿತ್ತು. ಮುಖಪುಟಕ್ಕೋ ಒಳಪುಟಕ್ಕೋ, ಎಷ್ಟು ಪ್ರತಿ, ಎಷ್ಟು ತಿಂಗಳು, ಭಾರತಕ್ಕೆ ಮಾತ್ರವೋ ಬೇರೆ ದೇಶಗಳಿಗೂ ಸೇರಿಯೋ, ಅದೇ ಚಿತ್ರವನ್ನು ಪ್ರತಿಸ್ಪರ್ಧಿಗೆ ಕೊಡಬಾರದೋ ಎಂದು ಒಂದೊಂದನ್ನೂ ಕೇಳಿ ದರ ಹೇಳುತ್ತಿದ್ದರು. ಬಂದ ಹಣದಲ್ಲಿ ಅರ್ಧ ಏಜೆನ್ಸಿಗೆ, ಅರ್ಧ ತೆಗೆದವರಿಗೆ ಎನ್ನುವುದು ವಾಡಿಕೆ. ಒಂದು ಒಳ್ಳೆಯ ಸ್ಲೈಡ್ ಹತ್ತು ವರ್ಷ ದುಡಿದು ಹಾಕುತ್ತಿತ್ತು.

ಕರ್ನಾಟಕಕ್ಕೆ ಈ ಕಸುಬಿನ ದೊಡ್ಡ ಹೆಸರುಗಳಿವೆ. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಆಗಷ್ಟೇ ಶುರುವಾಗಿದ್ದ ‘ಡೆಕ್ಕನ್ ಹೆರಾಲ್ಡ್’ ಸೇರಿದರು. ಮುಂದೆ ಸ್ವತಂತ್ರವಾಗಿ ದುಡಿದು ‘ಲೈಫ್’ನಂಥ ಪತ್ರಿಕೆಗೆ ಚಿತ್ರ ಒದಗಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶಿಸಿತು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕಾಡು ಮತ್ತು ಹಕ್ಕಿಗಳ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾದರು. ಹೀಗೆ ಸ್ವತಂತ್ರವಾಗಿ ದುಡಿದವರ ಬದುಕಿಗೆ ಆಧಾರ ಒಂದೇ ಆಗಿತ್ತು: ತೆಗೆದ ಚಿತ್ರ ಮತ್ತೆ ಮತ್ತೆ ಬಳಕೆಯಾಗುತ್ತದೆ, ಪ್ರತಿ ಬಳಕೆಗೂ ಒಂದು ಚೆಕ್ ಬರುತ್ತದೆ ಎನ್ನುವ ನಂಬಿಕೆ.

ನಮ್ಮಲ್ಲಿ ಸರಿಸುಮಾರು ಎಲ್ಲರೂ ನೋಡಿರುವ ಒಂದು ಸ್ಟಾಕ್ ಚಿತ್ರವಿದೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ತೆರೆದರೆ ಹಸಿರು ಗುಡ್ಡ, ನೀಲಿ ಆಕಾಶ, ಬಿಳಿ ಮೋಡ ಕಾಣುತ್ತಿತ್ತಲ್ಲ, ಅದು. ನ್ಯಾಷನಲ್ ಜಿಯಾಗ್ರಫಿಕ್‌ಗೆ ದುಡಿದಿದ್ದ ಚಾರ್ಲ್ಸ್ ಓರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ದಾರಿ ಬದಿ ಕಾರು ನಿಲ್ಲಿಸಿ ಅದನ್ನು ತೆಗೆದರು. ಚಿತ್ರ ಏಜೆನ್ಸಿಯ ದಾಸ್ತಾನು ಸೇರಿತು. ಕೆಲ ವರ್ಷಗಳ ಮೇಲೆ ಮೈಕ್ರೋಸಾಫ್ಟ್ ಅದರ ಪೂರ್ತಿ ಹಕ್ಕನ್ನೇ ಕೊಂಡುಕೊಂಡಿತು. ಎಷ್ಟಕ್ಕೆ ಎಂದು ಹೊರಗೆ ಹೇಳಬಾರದೆಂಬ ಕರಾರಿಗೆ ಓರಿಯರ್ ಸಹಿ ಹಾಕಿದ್ದಾರೆ. ಆ ಏಜೆನ್ಸಿ ಆ ಹೊತ್ತಿಗೆ ಕಾರ್ಬಿಸ್ ಎಂಬ ಕಂಪನಿಯ ಪಾಲಾಗಿತ್ತು. ಕಾರ್ಬಿಸ್ 1989ರಲ್ಲಿ ಬಿಲ್ ಗೇಟ್ಸ್ ಸ್ವಂತವಾಗಿ ಕಟ್ಟಿದ ಸಂಸ್ಥೆ. ಮುಂದೊಂದು ದಿನ ಮನೆಗಳ ಗೋಡೆಯ ಮೇಲೆ ಪರದೆಗಳಿರುತ್ತವೆ, ಜನ ಅದರಲ್ಲಿ ಕಲಾಕೃತಿಗಳನ್ನು ತೋರಿಸಿಕೊಳ್ಳುತ್ತಾರೆ ಎಂಬುದು ಅವರ ಎಣಿಕೆಯಾಗಿತ್ತು. 1995ರಲ್ಲಿ ಕಾರ್ಬಿಸ್ ಬೆಟ್‌ಮನ್ ಸಂಗ್ರಹವನ್ನೂ ಕೊಂಡಿತು. ನಾಜಿ ಜರ್ಮನಿಯಿಂದ ಚಿತ್ರಗಳ ಪೆಟ್ಟಿಗೆಗಳೊಂದಿಗೆ ಅಮೆರಿಕಕ್ಕೆ ತಪ್ಪಿಸಿಕೊಂಡು ಬಂದ ಒಟ್ಟೊ ಬೆಟ್‌ಮನ್ ಕಟ್ಟಿದ ಸಂಗ್ರಹ ಅದು. 2016ರ ಜನವರಿಯಲ್ಲಿ ಗೇಟ್ಸ್ ಕಾರ್ಬಿಸ್‌ನ ಚಿತ್ರಗಳನ್ನು ಚೀನಾದ ಕಂಪನಿಯೊಂದಕ್ಕೆ ಮಾರಿ ಕೈತೊಳೆದುಕೊಂಡರು. ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರಾದ ಅವರನ್ನೂ ಈ ವ್ಯಾಪಾರ ಕೈಹಿಡಿಯಲಿಲ್ಲ.

ಕಾರಣ ಅಷ್ಟರಲ್ಲಿ ಬೆಲೆಯ ನೆಲವೇ ಕುಸಿದಿತ್ತು. 2000ದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಎಂಬವರು ಐಸ್ಟಾಕ್‌ಫೋಟೊ ಶುರುಮಾಡಿದರು. ವಿನ್ಯಾಸಕಾರರು ತಮ್ಮತಮ್ಮಲ್ಲೇ ಚಿತ್ರ ಹಂಚಿಕೊಳ್ಳುವ ಜಾಗವಾಗಿದ್ದದ್ದು ಒಂದೆರಡು ಡಾಲರಿಗೆ ಚಿತ್ರ ಕೊಡುವ ಅಂಗಡಿಯಾಯಿತು. 2003ರಲ್ಲಿ ಜಾನ್ ಆರಿಂಜರ್ ತಾವೇ ತೆಗೆದ 30,000 ಚಿತ್ರಗಳನ್ನಿಟ್ಟು ಶಟರ್‌ಸ್ಟಾಕ್ ತೆರೆದರು. ತಿಂಗಳಿಗಿಷ್ಟು ಚಂದಾ ಕಟ್ಟಿ, ಚಿತ್ರಗಳನ್ನು ಇಳಿಸಿಕೊಳ್ಳುತ್ತ ಹೋಗಿ ಎಂಬುದು ಅವರ ಪದ್ಧತಿ. ಮಾರ್ಕ್ ಗೆಟ್ಟಿ ಮತ್ತು ಜೊನಾಥನ್ ಕ್ಲೈನ್ 1995ರಲ್ಲಿ ಕಟ್ಟಿದ್ದ ಗೆಟ್ಟಿ ಇಮೇಜಸ್ 2006ರಲ್ಲಿ ಐಸ್ಟಾಕ್ ಅನ್ನು 5 ಕೋಟಿ ಡಾಲರಿಗೆ ಕೊಂಡಿತು. ಬಳಕೆಗೆ ತಕ್ಕ ಬೆಲೆ ಕಟ್ಟುವ ಹಳೆಯ ಪದ್ಧತಿಯನ್ನು ಜಾಹೀರಾತು ಬಗೆಯ ಚಿತ್ರಗಳಿಗೆ ನಿಲ್ಲಿಸುವುದಾಗಿ 2019ರಲ್ಲಿ ಗೆಟ್ಟಿಯೇ ಘೋಷಿಸಿತು. ಈಗ ಹೆಚ್ಚಿನೆಡೆ ನಡೆಯುವುದು ‘ರಾಯಲ್ಟಿ ಫ್ರೀ’. ಹೆಸರು ಕೇಳಿ ಪುಕ್ಕಟೆ ಎಂದುಕೊಳ್ಳುವವರು ಬಹಳ. ಒಂದು ಸಲ ದುಡ್ಡು ಕೊಟ್ಟರೆ ಮತ್ತೆ ಮತ್ತೆ ಬಳಸಲು ಮತ್ತೆ ಮತ್ತೆ ಕೊಡಬೇಕಿಲ್ಲ ಎಂದಷ್ಟೇ ಅದರ ಅರ್ಥ. ಪ್ರತಿ ಬಳಕೆಗೂ ಹಣ ಎಂಬುದೇ ಸತ್ಯನ್ ಕಾಲದವರ ಬದುಕು ನಿಂತಿದ್ದ ಕಂಬ. ಆ ಕಂಬ ಹೋಯಿತು.

2020ರ ಜೂನ್‌ನಲ್ಲಿ, ಕೋವಿಡ್‌ನಿಂದ ಮದುವೆಯೂ ಇಲ್ಲದೆ ಸಮಾರಂಭವೂ ಇಲ್ಲದೆ ಛಾಯಾಗ್ರಾಹಕರು ಮನೆಯಲ್ಲಿ ಕುಳಿತಿದ್ದಾಗ, ಶಟರ್‌ಸ್ಟಾಕ್ ತನ್ನ ಸಂದಾಯದ ಕ್ರಮ ಬದಲಿಸಿತು. ವರ್ಷದಲ್ಲಿ ಎಷ್ಟು ಚಿತ್ರ ಹೋಯಿತು ಎಂಬುದರ ಮೇಲೆ ಮೆಟ್ಟಿಲುಗಳು, ಜನವರಿ 1 ಬಂದರೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ಒಂದು ಡೌನ್‌ಲೋಡಿಗೆ ಕನಿಷ್ಠ ಸಂದಾಯ 10 ಸೆಂಟ್. ಇವತ್ತಿನ ಲೆಕ್ಕದಲ್ಲಿ ಒಂಬತ್ತು ರೂಪಾಯಿಯ ಆಸುಪಾಸು. 2025ರ ಫೆಬ್ರುವರಿ ಪರಿಷ್ಕರಣೆಯಲ್ಲೂ ನಮ್ಮ ಮೆಟ್ರೋದ ಕನಿಷ್ಠ ದರ 10 ರೂಪಾಯಿಯಾಗಿಯೇ ಉಳಿಯಿತು. ಅಂದರೆ ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣದ ಒಂದು ಚಿತ್ರ ಒಂದು ಸಲ ಮಾರಾಟವಾದ ಹಣದಲ್ಲಿ ಆ ನಿಲ್ದಾಣದಿಂದ ಮುಂದಿನ ಸ್ವಾಮಿ ವಿವೇಕಾನಂದ ರಸ್ತೆಯವರೆಗೂ ಹೋಗಲಾಗದು. ಆ ಸೆಂಟುಗಳು ಖಾತೆಗೆ ಬರುವ ಮೊದಲು ಇನ್ನೂ ಎರಡು ಬಾಗಿಲು ದಾಟಬೇಕು. ಅಮೆರಿಕದ ಗ್ರಾಹಕರಿಂದ ಬಂದದ್ದಾದರೆ, ತೆರಿಗೆ ಒಪ್ಪಂದದ ಫಾರಂ ತುಂಬಿದ ಭಾರತೀಯರಿಗೂ ಅಲ್ಲೇ ನೂರಕ್ಕೆ ಹದಿನೈದು ಹಿಡಿಯುತ್ತಾರೆ. ಆಮೇಲೆ ಒಂದು ಮೊತ್ತ ಕೂಡುವ ತನಕ ಹಣ ಕಳಿಸುವುದಿಲ್ಲ. ಅಡೋಬಿ ಸ್ಟಾಕ್‌ನಲ್ಲಿ ಆ ಮಿತಿ 25 ಡಾಲರ್.

ಹಾಗಾದರೂ ಜನ ಯಾಕೆ ಚಿತ್ರ ಹಾಕುತ್ತಾರೆ? ಕೆಲಸ ಒಂದೇ ಸಲ, ಫಲ ಹಲವು ಸಲ ಎಂಬ ಆಸೆ ಪೂರ್ತಿ ಸುಳ್ಳಲ್ಲ. ಸ್ಪೇನಿನ ಆಂಟೋನಿಯೊ ಗಿಯೆಮ್ 2015ರಲ್ಲಿ ತೆಗೆದ ಒಂದು ಸ್ಟಾಕ್ ಚಿತ್ರದಲ್ಲಿ, ಗೆಳತಿಯ ಕೈ ಹಿಡಿದ ಹುಡುಗ ಹಿಂತಿರುಗಿ ಬೇರೊಬ್ಬಳನ್ನು ನೋಡುತ್ತಾನೆ. 2017ರಲ್ಲಿ ಅದು ಮೀಮ್ ಆಗಿ ಜಗತ್ತನ್ನೆಲ್ಲ ಸುತ್ತಿತು, ಕನ್ನಡದ ಮೀಮ್ ಪುಟಗಳಿಗೂ ಬಂತು. ಆದರೆ ಅಂಥವರು ಸಾವಿರಾರು ಚಿತ್ರಗಳನ್ನು ಯೋಜನೆ ಹಾಕಿ, ನಟರಿಗೆ ಸಂಬಳ ಕೊಟ್ಟು ತೆಗೆಯುತ್ತಾರೆ. ಅದು ಕಾರ್ಖಾನೆಯ ಕೆಲಸ. ಕೆಲಸ ಮುಗಿಸಿ ಬಂದು ಕಗ್ಗದಾಸಪುರದ ಮನೆಯ ಮಾಳಿಗೆಯಿಂದ ಸೂರ್ಯಾಸ್ತ ಹಿಡಿಯುವವರ ಪಾಲಿಗೆ ಆ ಮಾರುಕಟ್ಟೆ ಈಗ ತೆರೆದೂ ಮುಚ್ಚಿದಂತೆಯೇ ಇದೆ. ಸೂರ್ಯಾಸ್ತದ ಚಿತ್ರಗಳು ಕೋಟಿಗಟ್ಟಲೆ ಇವೆ.

ಬೈಯಪ್ಪನಹಳ್ಳಿಯಲ್ಲಿ ತೆಗೆದ ಚಿತ್ರ ಸ್ಟಾಕ್ ಸಂಸ್ಥೆಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ ಇದು: ವಾಣಿಜ್ಯ ಬಳಕೆಗೋ, ಸುದ್ದಿ ಮತ್ತು ಲೇಖನಗಳ ಬಳಕೆಗೋ? ಇಡೀ ಕಸುಬಿನಲ್ಲಿ ಹೊಸಬರಿಗೆ ಅತ್ಯಂತ ಗೊಂದಲ ಹುಟ್ಟಿಸುವುದು ಈ ಗೆರೆಯೇ. ಮೆಟ್ರೋ ರೈಲಿನ ಮೇಲಿನ ಲಾಂಛನ ಕಂಡರೆ, ಅಂಗಡಿಯ ಬ್ರ್ಯಾಂಡ್ ಫಲಕ ಕಂಡರೆ, ಗುರುತು ಹಿಡಿಯಬಹುದಾದ ಮುಖ ಕಂಡರೆ ಚಿತ್ರವನ್ನು ಜಾಹೀರಾತಿಗೆ ಕೊಡುವಂತಿಲ್ಲ. ಮುಖ ಇರುವವರಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು, ಮಕ್ಕಳಾದರೆ ತಂದೆತಾಯಿಯ ಸಹಿ ಬೇಕು. ಖಾಸಗಿ ಕಟ್ಟಡವಾದರೆ ಒಡೆಯರ ಒಪ್ಪಿಗೆ ಕೇಳುವುದೂ ಉಂಟು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಾಸ್ತುಕೃತಿಯ ಚಿತ್ರ ತೆಗೆದು ಪ್ರಕಟಿಸಲು ಅವಕಾಶ ಕೊಡುತ್ತದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಶಿಲ್ಪಕ್ಕೂ ಅದೇ ಮಾತು. ಆದರೂ ಸ್ಟಾಕ್ ಸಂಸ್ಥೆಗಳ ಗಿರಾಕಿಗಳು ಹಲವು ದೇಶಗಳಲ್ಲಿ ಇರುವುದರಿಂದ, ಅವು ಎಲ್ಲಕ್ಕಿಂತ ಬಿಗಿಯಾದ ಕಾನೂನನ್ನೇ ಎಲ್ಲರಿಗೂ ಹಾಕುತ್ತವೆ. ಇದಲ್ಲದೆ ರೈಲ್ವೆ ಮತ್ತು ಮೆಟ್ರೋ ಆವರಣದೊಳಗೆ ವಾಣಿಜ್ಯ ಚಿತ್ರೀಕರಣಕ್ಕೆ ಆಯಾ ಸಂಸ್ಥೆಯ ಅನುಮತಿ, ಶುಲ್ಕ ಬೇರೆ.

ಒಪ್ಪಿಗೆ ಪತ್ರವನ್ನು ಕಾಗದದ ಕಿರಿಕಿರಿ ಎಂದು ನೋಡುವವರಿದ್ದಾರೆ. ನಾನು ಹಾಗೆ ನೋಡಲಾರೆ. ಟರ್ಮಿನಲ್‌ನಿಂದ ಹೌರಾ, ಗುವಾಹಟಿ ಕಡೆಗೆ ರೈಲುಗಳು ಹೋಗುತ್ತವೆ. ಊರಿಗೆ ಹೊರಟ ಕಟ್ಟಡ ಕಾರ್ಮಿಕರು, ಹೋಟೆಲ್ ಹುಡುಗರು ಚೀಲಗಳ ಮೇಲೆ ತಲೆಯಿಟ್ಟು ಪ್ಲಾಟ್‌ಫಾರ್ಮಿನಲ್ಲಿ ಮಲಗಿರುತ್ತಾರೆ. ಅವರ ಚಿತ್ರ ತೆಗೆಯುವುದು ಸುಲಭ. ಯಾರೂ ಎದ್ದು ಕೇಳುವುದಿಲ್ಲ. ಆ ಚಿತ್ರ ‘ಬಡತನ’, ‘ವಲಸೆ’, ‘ನಿರುದ್ಯೋಗ’ ಎಂಬ ಕೀವರ್ಡ್‌ಗಳೊಂದಿಗೆ ಅಂತರಜಾಲ ಏರಿತೆಂದರೆ, ಹತ್ತು ವರ್ಷದ ಮೇಲೂ ಎಲ್ಲೋ ಒಂದು ಸಾಲ ವಸೂಲಿ ಲೇಖನಕ್ಕೆ, ಕುಡಿತ ಬಿಡಿಸುವ ಜಾಹೀರಾತಿಗೆ ಅಂಟಿಕೊಳ್ಳಬಹುದು. ಮಲಗಿದ್ದಾತ ದಿನವಿಡೀ ದುಡಿದು ದಣಿದಿದ್ದ, ಅಷ್ಟೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಬೆಂಗಳೂರಿನಲ್ಲಿ ನೆಲೆಸಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಬಗ್ಗೆ ಶುರುವಾದ ವಾದ ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಮುಖಕ್ಕೂ ಮುಟ್ಟುತ್ತದೆ. ಸುದ್ದಿಗೆ ಅಗತ್ಯವಿದ್ದಾಗ ತೆಗೆಯಲಿ. ಮಾರಾಟದ ದಾಸ್ತಾನಿಗೆ ಹಾಕುವ ಮೊದಲು ಅವರನ್ನು ಎಬ್ಬಿಸಿ ಕೇಳಲಿ.

ಇನ್ನು ಒಡೆತನದ ಮಾತು. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಹಬ್ಬಿರುವ ಸ್ಟುಡಿಯೋಗಳಲ್ಲಿ ಮದುವೆ, ಗೃಹಪ್ರವೇಶ, ಫ್ಲ್ಯಾಟ್‌ಗಳ ಬ್ರೋಷರ್ ತೆಗೆಯುವವರು ಹೆಚ್ಚಿನವರು ಒಂದು ವಿಷಯವನ್ನು ತಡವಾಗಿ ತಿಳಿಯುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಮೊದಲ ಒಡೆಯ ಅದನ್ನು ತೆಗೆದವರು. ಆದರೆ 17ನೇ ಕಲಮಿನಲ್ಲಿ ವಿನಾಯಿತಿಗಳಿವೆ. ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊ ಆಗಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಮೊದಲ ಒಡೆಯರು ತೆಗೆಸಿದವರೇ. ಮದುವೆ ಆಲ್ಬಮ್ಮಿನ ವಧುವಿನ ಚಿತ್ರ ಚೆನ್ನಾಗಿ ಬಂತೆಂದು ಸ್ಟಾಕ್ ಸಂಸ್ಥೆಗೆ ಹಾಕುವ ಹಕ್ಕು ಸ್ಟುಡಿಯೋದವರಿಗೆ ತಾನಾಗಿ ಬರುವುದಿಲ್ಲ. ಸಂಬಳಕ್ಕಿದ್ದು ತೆಗೆದದ್ದು ಸಾಮಾನ್ಯವಾಗಿ ಸಂಬಳ ಕೊಟ್ಟವರಿಗೆ ಸೇರುತ್ತದೆ. ಪತ್ರಿಕೆಯ ನೌಕರರಾಗಿ ತೆಗೆದದ್ದಾದರೆ ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಪತ್ರಿಕೆಯ ಒಡೆಯರದು, ಉಳಿದದ್ದು ತೆಗೆದವರದು.

ಹಕ್ಕು ಬಿಟ್ಟುಕೊಡುವುದಕ್ಕೂ ಕಾಯ್ದೆ ಕಟ್ಟುನಿಟ್ಟು ಹಾಕಿದೆ. ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆದಿಲ್ಲವಾದರೆ ಐದು ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಎಂದು ಬರೆದಿಲ್ಲವಾದರೆ ಭಾರತಕ್ಕೆ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ‘ಫೋಟೊ ಕಳಿಸಿ ಸಾರ್’ ಎಂದು ಕೇಳಿ, ‘ಆಯ್ತು’ ಎಂದು ಕಳಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಈ ನಾಲ್ಕು ಸಾಲು ಗೊತ್ತಿದ್ದರೆ ಕೆಲಸ ಒಪ್ಪಿಕೊಳ್ಳುವಾಗಲೇ ಇಬ್ಬರೂ ಸಹಿ ಹಾಕುವ ಕರಾರಿಗೆ ಒಂದು ವಾಕ್ಯ ಸೇರಿಸಬಹುದು: ಈ ಚಿತ್ರಗಳ ಹಕ್ಕು ತೆಗೆದವರದು, ಇಂಥ ಯೋಜನೆಯ ಪ್ರಚಾರಕ್ಕೆ, ಎರಡು ವರ್ಷಕ್ಕೆ ಮಾತ್ರ ಕೊಡಲಾಗಿದೆ. ಎರಡು ವರ್ಷದ ಮೇಲೆ ಅದೇ ಬಿಲ್ಡರ್ ಮುಂದಿನ ಹಂತದ ಫಲಕಕ್ಕೆ ಅದೇ ಚಿತ್ರ ಹಾಕಿದರೆ ಮತ್ತೆ ಹಣ ಕೇಳಲು ಈ ವಾಕ್ಯ ಆಧಾರವಾಗುತ್ತದೆ. ಸೆಂಟುಗಳ ಲೆಕ್ಕಕ್ಕಿಂತ ಇದರಲ್ಲಿ ನೂರುಪಟ್ಟು ಆದಾಯವಿದೆ.

2012ರಲ್ಲಿ ಕಾಯ್ದೆಗೆ ಬಂದ ತಿದ್ದುಪಡಿಯ ಬಗ್ಗೆ ಛಾಯಾಗ್ರಾಹಕರಲ್ಲೇ ಹೆಚ್ಚು ಮಾತು ಕೇಳಿಲ್ಲ. ಅದಕ್ಕೆ ಮೊದಲು ಫೋಟೊದ ಹಕ್ಕು ಪ್ರಕಟವಾದ ಮೇಲೆ ಅರವತ್ತು ವರ್ಷಕ್ಕೆ ಮುಗಿಯುತ್ತಿತ್ತು. ಕವಿಗೆ, ಚಿತ್ರಕಾರರಿಗೆ ಸಿಗುತ್ತಿದ್ದದ್ದು ಜೀವಿತಕಾಲ ಮತ್ತು ಆಮೇಲೆ ಅರವತ್ತು ವರ್ಷ. ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 2009ರಲ್ಲಿ ತೀರಿಕೊಂಡ ಸತ್ಯನ್ ಅವರ, ತಿದ್ದುಪಡಿಯ ಹೊತ್ತಿಗೆ ಹಕ್ಕು ಉಳಿದಿದ್ದ ಚಿತ್ರಗಳಿಗೆ 2069ರ ಕೊನೆಯವರೆಗೆ ರಕ್ಷಣೆ ಇದೆ. ಅವರ ಚಿತ್ರಗಳು ಕಸ್ತೂರಬಾ ರಸ್ತೆಯ ಮ್ಯಾಪ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಸಿಗುತ್ತವೆ. ಕನ್ನಡ ಲೇಖಕರ ಭಾವಚಿತ್ರಗಳಿಗಾಗಿಯೇ ಬದುಕಿನ ಬಹುಕಾಲ ಕೊಟ್ಟ ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅಂಥವರ ಕೆಲಸಕ್ಕೂ ಇದೇ ಕಾನೂನು. ಜಯಂತಿ ಬಂತೆಂದರೆ ಲೇಖಕರ ಚಿತ್ರಗಳು ಫೇಸ್‌ಬುಕ್ ತುಂಬ, ಫ್ಲೆಕ್ಸ್‌ಗಳ ತುಂಬ ಬರುತ್ತವೆ. ತೆಗೆದವರ ಹೆಸರು ಮಾತ್ರ ಇರುವುದಿಲ್ಲ. ಬರೆದವರನ್ನು ಇಷ್ಟು ಗೌರವಿಸುವ ಭಾಷೆ, ಅವರ ಮುಖವನ್ನು ನಮಗೆ ಕೊಟ್ಟವರ ಹೆಸರು ಬಿಡುವುದು ನನಗೆ ನೋವಿನ ಸಂಗತಿ.

ಪುಕ್ಕಟೆಯಾಗಿ ಕೊಡುವವರ ಲೋಕವೂ ಇದೆ, ಅದನ್ನು ಹಗುರವಾಗಿ ನೋಡಬಾರದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಲೇಖನಗಳಲ್ಲಿ ಕಾಣುವ ಚಿತ್ರಗಳಲ್ಲಿ ಹೆಚ್ಚಿನವು ವಿಕಿಮೀಡಿಯ ಕಾಮನ್ಸ್‌ಗೆ ಯಾರೋ ಸ್ವಂತ ಇಚ್ಛೆಯಿಂದ ಕೊಟ್ಟವು. ದೊಮ್ಮಲೂರಿನಲ್ಲಿ ಬಹುಕಾಲ ನೆಲೆಸಿದ್ದ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ವರ್ಷಗಟ್ಟಲೆ ಬೆಂಬಲ ಕೊಟ್ಟಿದೆ. ಕಾಮನ್ಸ್‌ಗೆ ಕೊಟ್ಟ ಚಿತ್ರವನ್ನು ಯಾರು ಬೇಕಾದರೂ, ಲಾಭಕ್ಕೂ ಬಳಸಬಹುದು. ಆದರೆ ಹೆಚ್ಚಿನ ಚಿತ್ರಗಳಿಗೆ ಒಂದು ಷರತ್ತಿದೆ: ತೆಗೆದವರ ಹೆಸರು, ಪರವಾನಗಿಯ ಹೆಸರು ಹಾಕಬೇಕು. ‘ಚಿತ್ರ: ಅಂತರಜಾಲ’ ಎಂದು ಹಾಕುವುದು ಆ ಷರತ್ತನ್ನು ಮುರಿದಂತೆ. ಪತ್ರಿಕೆಗಳು, ಜಾಲತಾಣಗಳು ಈ ಒಂದು ಸಾಲನ್ನು ಕೈಬಿಟ್ಟು ತೆಗೆದವರ ಹೆಸರು ಹಾಕಿದರೆ ನಾಳೆಯೇ ಕನ್ನಡದಲ್ಲಿ ಅರ್ಧ ಅನ್ಯಾಯ ನಿಲ್ಲುತ್ತದೆ. ಅನ್‌ಸ್ಪ್ಲ್ಯಾಶ್‌ನ ಕಥೆ ಬೇರೆ. 2013ರಲ್ಲಿ ಮಾಂಟ್ರಿಯಲ್‌ನಲ್ಲಿ ಶುರುವಾದ ಆ ಉಚಿತ ತಾಣ ಹೆಸರು ಹಾಕುವುದನ್ನೂ ಕಡ್ಡಾಯ ಮಾಡಲಿಲ್ಲ. ಲಕ್ಷಾಂತರ ಜನ ಪ್ರೀತಿಯಿಂದ ಕೊಟ್ಟ ಚಿತ್ರಗಳ ಆ ತಾಣವನ್ನು 2021ರಲ್ಲಿ ಗೆಟ್ಟಿ ಕೊಂಡುಕೊಂಡಿತು. ಕೊಡುವವರು ಯಾವ ಪರವಾನಗಿಯಲ್ಲಿ ಕೊಡುತ್ತಿದ್ದೇವೆ ಎಂದು ಓದಿಕೊಂಡು ಕೊಡಬೇಕಾದ್ದು ಇದಕ್ಕೇ.

ಈಗ ಯಂತ್ರದ ಸರದಿ. ಚಿತ್ರ ಹುಟ್ಟಿಸುವ ಕೃತಕ ಬುದ್ಧಿಮತ್ತೆಗೆ ಕಲಿಯಲು ಕೋಟಿಗಟ್ಟಲೆ ಚಿತ್ರಗಳು, ಅವುಗಳ ಜೊತೆಗೆ ಶೀರ್ಷಿಕೆ ಮತ್ತು ಕೀವರ್ಡ್‌ಗಳು ಬೇಕು. ಇಪ್ಪತ್ತು ವರ್ಷಗಳಿಂದ ಛಾಯಾಗ್ರಾಹಕರು ತಾವೇ ಕುಳಿತು, ಪ್ರತಿ ಚಿತ್ರಕ್ಕೆ ನಲವತ್ತು ಐವತ್ತು ಪದ ತುಂಬಿ ಸ್ಟಾಕ್ ಸಂಸ್ಥೆಗಳಿಗೆ ಕೊಟ್ಟದ್ದು ಅದನ್ನೇ. ಶಟರ್‌ಸ್ಟಾಕ್ ಓಪನ್‌ಎಐಗೆ ತನ್ನ ದಾಸ್ತಾನನ್ನು ಪರವಾನಗಿ ಮೇಲೆ ಕೊಟ್ಟಿತು, ಅದರಿಂದ ಬಂದದ್ದರಲ್ಲಿ ಒಂದು ಪಾಲನ್ನು ಚಿತ್ರ ಕೊಟ್ಟವರಿಗೆ ಹಂಚಲು ನಿಧಿಯನ್ನೂ ಮಾಡಿತು. ಅಡೋಬಿ 2023ರಲ್ಲಿ ತಂದ ಫೈರ್‌ಫ್ಲೈ ಕಲಿತದ್ದು ಬಹುಪಾಲು ಅಡೋಬಿ ಸ್ಟಾಕ್‌ನ ಚಿತ್ರಗಳಿಂದ. ಅದಕ್ಕಾಗಿ ಚಿತ್ರ ಕೊಟ್ಟವರಿಗೆ ಅಡೋಬಿ ಬೋನಸ್ ಕಳಿಸಿತು. ಗೆಟ್ಟಿ ಇನ್ನೊಂದು ದಾರಿ ಹಿಡಿದು, ತನ್ನ ಚಿತ್ರಗಳನ್ನು ಕೇಳದೆ ಬಳಸಿದರೆಂದು ಸ್ಟೆಬಿಲಿಟಿ ಎಐ ಮೇಲೆ 2023ರಲ್ಲಿ ಲಂಡನ್ನಿನಲ್ಲೂ ಅಮೆರಿಕದಲ್ಲೂ ಮೊಕದ್ದಮೆ ಹೂಡಿತು. ಸ್ಟೆಬಿಲಿಟಿಯ ಯಂತ್ರ ಹುಟ್ಟಿಸಿದ ಕೆಲವು ಚಿತ್ರಗಳ ಮೇಲೆ ಗೆಟ್ಟಿಯ ನೀರುಗುರುತೇ ವಿಕಾರವಾಗಿ ಮೂಡಿತ್ತು. ಲಂಡನ್ ಹೈಕೋರ್ಟ್ 2025ರ ನವೆಂಬರ್ 4ರಂದು ನೀರುಗುರುತಿನ ವಿಷಯದಲ್ಲಿ ಸೀಮಿತವಾಗಿ ಗೆಟ್ಟಿಯ ಪರ ನಿಂತಿತು. ಆದರೆ ಆ ಯಂತ್ರದ ಮಾದರಿಯೇ ಕೃತಿಸ್ವಾಮ್ಯ ಮುರಿದ ಪ್ರತಿ ಎಂಬ ವಾದವನ್ನು ಒಪ್ಪಲಿಲ್ಲ. ಅಷ್ಟರೊಳಗೆ ಗೆಟ್ಟಿ ಮತ್ತು ಶಟರ್‌ಸ್ಟಾಕ್ 370 ಕೋಟಿ ಡಾಲರ್ ಮೌಲ್ಯದ ಒಂದೇ ಕಂಪನಿಯಾಗುವುದಾಗಿ 2025ರ ಜನವರಿಯಲ್ಲಿ ಘೋಷಿಸಿದ್ದವು. ಭಾರತದಲ್ಲಿ ಕೈಗಾರಿಕಾ ಉತ್ತೇಜನ ಇಲಾಖೆಯ ಸಮಿತಿಯೊಂದು 2025ರ ಡಿಸೆಂಬರ್‌ನಲ್ಲಿ ಹೊರತಂದ ಕಾರ್ಯಪತ್ರ ಮೂರನೆಯ ದಾರಿ ಸೂಚಿಸಿದೆ. ಯಂತ್ರಗಳಿಗೆ ಕಲಿಸಲು ಎಲ್ಲರ ಕೃತಿಗಳನ್ನೂ ಬಳಸಲಿ, ಕೃತಿಕಾರರು ಬೇಡವೆನ್ನುವಂತಿಲ್ಲ. ಬದಲಿಗೆ ಕಂಪನಿಗಳು ಕಡ್ಡಾಯವಾಗಿ ಗೌರವಧನ ಕಟ್ಟಲಿ, ಒಂದು ಕೇಂದ್ರ ಸಂಸ್ಥೆ ಅದನ್ನು ಹಂಚಲಿ. ಬೇಡವೆನ್ನುವ ಹಕ್ಕನ್ನೇ ಕಿತ್ತುಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಣ ಹಂಚಿಕೆಯಾಗುವಾಗ ಅದು ಕೃತಿಕಾರರ ಸಂಘಗಳಲ್ಲಿ ಹೆಸರಿಲ್ಲದ, ಸಣ್ಣ ಊರಿನ ಛಾಯಾಗ್ರಾಹಕರ ಮನೆ ತಲುಪುವ ದಾರಿ ಏನು ಎಂದು ಈಗಲೇ ಕೇಳಬೇಕು.

ಯಂತ್ರಕ್ಕೆ ‘ಬೆಂಗಳೂರು ಮೆಟ್ರೋ, ಬೆಳಗಿನ ಹೊತ್ತು’ ಎಂದರೆ ಕ್ಷಣದಲ್ಲಿ ಚೆಂದದ ಚಿತ್ರ ಕೊಡುತ್ತದೆ. ನಗುವ ಯುವತಿ, ಹೊಳೆವ ರೈಲು, ಅಲ್ಲೊಂದು ಫಲಕದಲ್ಲಿ ಕನ್ನಡದ ಹಾಗೆ ಕಾಣುವ, ಓದಲಾಗದ ಅಕ್ಷರಗಳು. ನಾಳೆ ಅಕ್ಷರವೂ ಸರಿಹೋದೀತು. ಸೂರ್ಯಾಸ್ತ, ಕೈಕುಲುಕುವ ಅಧಿಕಾರಿಗಳು, ಲ್ಯಾಪ್‌ಟಾಪ್ ಮುಂದಿನ ಕಾಫಿ ಲೋಟ, ಇವುಗಳ ಬಾಡಿಗೆ ಮುಗಿದಂತೆಯೇ. ಆದರೆ 2023ರ ಮಾರ್ಚ್ 25ರಿಂದ ಅಕ್ಟೋಬರ್ 9ರವರೆಗೆ ಬೈಯಪ್ಪನಹಳ್ಳಿಯಲ್ಲಿ ಏನು ನಡೆಯಿತೆಂದು ಯಾವ ಯಂತ್ರವೂ ಊಹಿಸಲಾರದು. ಆ ಆರೂವರೆ ತಿಂಗಳು ಮೆಟ್ರೋದ ನೇರಳೆ ಮಾರ್ಗ ಕೆ.ಆರ್. ಪುರದಿಂದ ಆಚೆ ವೈಟ್‌ಫೀಲ್ಡ್‌ಗೆ ಓಡುತ್ತಿತ್ತು, ಈಚೆ ಬೈಯಪ್ಪನಹಳ್ಳಿಯಿಂದ ಊರೊಳಕ್ಕೆ ಓಡುತ್ತಿತ್ತು, ನಡುವಿನ ಬೆನ್ನಿಗಾನಹಳ್ಳಿಯ ತುಂಡು ಸಿದ್ಧವಾಗಿರಲಿಲ್ಲ. ಜನ ಮೆಟ್ರೋ ಇಳಿದು, ಬಿಎಂಟಿಸಿ ಬಸ್ ಹತ್ತಿ, ಹಳೆ ಮದ್ರಾಸ್ ರಸ್ತೆಯ ದಟ್ಟಣೆ ದಾಟಿ, ಮತ್ತೆ ಮೆಟ್ರೋ ಹತ್ತುತ್ತಿದ್ದರು. ಆ ಸಾಲಿನಲ್ಲಿ ನಿಂತವರ ಒಂದು ಚಿತ್ರ, ದಿನಾಂಕದೊಂದಿಗೆ ಜಾಗದ ಹೆಸರಿನೊಂದಿಗೆ ಯಾರ ಬಳಿಯಾದರೂ ಇದ್ದರೆ ಅದನ್ನು ಮತ್ತೆ ತೆಗೆಯಲು ಯಾರಿಗೂ ಆಗದು. ನಗರ ಸಾರಿಗೆಯ ಬಗ್ಗೆ ಪುಸ್ತಕ ಬರೆಯುವವರು, ಸಾಕ್ಷ್ಯಚಿತ್ರ ಮಾಡುವವರು, ಸಂಶೋಧಕರು ಮುಂದೊಂದು ದಿನ ಅದನ್ನು ಹುಡುಕಿಕೊಂಡು ಬರುತ್ತಾರೆ. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಇಲ್ಲಿಗೆ ದಕ್ಷಿಣ ಭಾರತದ ಮೊದಲ ಮೆಟ್ರೋ ಬಂದ ದಿನದ ಚಿತ್ರಗಳಿಗೂ ಇದೇ ಮಾತು.

ಅಂಥ ಚಿತ್ರ ಸಿಗಬೇಕಾದರೆ ಅದರ ವಿವರ ಚಿತ್ರದೊಳಗೇ ಇರಬೇಕು. ಫೈಲಿನೊಳಗೆ ತೆಗೆದವರ ಹೆಸರು, ಜಾಗ, ವಿವರ ಬರೆಯಲು ಐಪಿಟಿಸಿ ಎಂಬ ಖಾನೆಗಳಿವೆ. ಸುದ್ದಿ ಸಂಸ್ಥೆಗಳು ದಶಕಗಳಿಂದ ಅವನ್ನು ತುಂಬುತ್ತಿವೆ. ಉಳಿದವರು ಖಾಲಿ ಬಿಡುತ್ತಾರೆ. ಬೈಯಪ್ಪನಹಳ್ಳಿಯನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಕಾಗುಣಿತಗಳಲ್ಲಿ ಬರೆಯುತ್ತಾರೆ. ರೈಲ್ವೆಯದು ಒಂದು, ಮೆಟ್ರೋದ್ದು ಒಂದು. ಎಲ್ಲವನ್ನೂ ಹಾಕಬೇಕು, ಕನ್ನಡದಲ್ಲೂ ಬರೆಯಬೇಕು. ಚಿತ್ರ ನಿಜವಾಗಿ ಕ್ಯಾಮೆರಾದಿಂದ ಬಂದದ್ದೆಂದು ಸಾಬೀತು ಮಾಡುವ ಗುರುತನ್ನು ತೆಗೆಯುವಾಗಲೇ ಅಂಟಿಸುವ ಕ್ಯಾಮೆರಾಗಳೂ ಬಂದಿವೆ. 2023ರಲ್ಲಿ ಲೈಕಾ ಮೊದಲು ತಂದಿತು. ಹುಸಿ ಚಿತ್ರಗಳ ನಡುವೆ ಸುದ್ದಿಮನೆಗಳು ಹಣ ಕೊಡುವುದು ಮುಂದೆ ಇಂಥ ನಂಬಿಕೆಗೇ. ‘ದಿ ಹಿಂದೂ’ ಪತ್ರಿಕೆ ತನ್ನ ಹಳೆಯ ಚಿತ್ರಗಳನ್ನು ಪರವಾನಗಿ ಮೇಲೆ ಕೊಡುವ ವಿಭಾಗವನ್ನೇ ನಡೆಸುತ್ತಿದೆ. ಅಲ್ಲಿ ಬೆಲೆ ಬರುವುದು ಚೆಂದಕ್ಕಲ್ಲ, ಯಾವ ದಿನ, ಯಾವ ಊರು, ಯಾರು ಎಂಬ ಉತ್ತರಕ್ಕೆ.

ಬೈಯಪ್ಪನಹಳ್ಳಿಯಲ್ಲಿ ಆ ಉತ್ತರ ತುರ್ತಾಗಿ ಬೇಕಿರುವ ಇನ್ನೊಂದು ಜಾಗ ಎನ್‌ಜಿಇಎಫ್. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ಮಾಡುತ್ತಿದ್ದ ರಾಜ್ಯ ಸರ್ಕಾರದ ಆ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಪೂರ್ವ ಬೆಂಗಳೂರಿನ ಎಷ್ಟೋ ಮನೆಗಳು ಅದರ ಸಂಬಳದಲ್ಲಿ ಎದ್ದವು. ಖಾಲಿ ಶೆಡ್‌ಗಳ ಚಿತ್ರಗಳು ಈಗ ಬೇಕಾದಷ್ಟು ಸಿಗುತ್ತವೆ. ಸಿಗದಿರುವುದು ಯಂತ್ರಗಳು ಓಡುತ್ತಿದ್ದ ದಿನಗಳ ಚಿತ್ರ. ಕಂಪನಿಯ ಪರವಾಗಿ ತೆಗೆದದ್ದಕ್ಕೆ ಸಾರ್ವಜನಿಕ ಉದ್ದಿಮೆಯ ಕೃತಿಯಾಗಿ ಪ್ರಕಟಣೆಯಿಂದ ಅರವತ್ತು ವರ್ಷದ ಹಕ್ಕು ಉಂಟು. ಆದರೆ ಆಯುಧಪೂಜೆಯ ದಿನ, ಬೀಳ್ಕೊಡುಗೆಯ ದಿನ, ಮುಷ್ಕರದ ದಿನ ಕಾರ್ಮಿಕರು ತಮ್ಮ ಕ್ಯಾಮೆರಾದಲ್ಲಿ ತೆಗೆದುಕೊಂಡ ಚಿತ್ರಗಳು ಅವರವರದೇ. ಅವರಿಗೂ ಅವರ ಮಕ್ಕಳಿಗೂ ಸೇರಿದವು. ಅವು ಇಂದಿರಾನಗರ, ಸಿ.ವಿ. ರಾಮನ್ ನಗರ, ಕಗ್ಗದಾಸಪುರದ ಮನೆಗಳ ಆಲ್ಬಮ್ಮುಗಳಲ್ಲಿ ಇದ್ದರೆ, ಆ ಮನೆಯವರು ಮೊದಲು ಮಾಡಬೇಕಾದ ಕೆಲಸ ಸ್ಕ್ಯಾನ್ ಮಾಡಿಸುವುದು. ಎರಡನೆಯದು, ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರ ಬಳಿ ಕುಳಿತು ಒಬ್ಬೊಬ್ಬರ ಹೆಸರು, ವಿಭಾಗ, ವರ್ಷ ಬರೆದುಕೊಳ್ಳುವುದು. ಯಾರಿಗೆ, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ ಕೊಡುವುದು ಎಂಬ ಮಾತುಕತೆಯನ್ನು ಆಮೇಲೆ ಅವರೇ ನಡೆಸಬಹುದು, ಬೆಲೆಯನ್ನೂ ಅವರೇ ಹೇಳಬಹುದು.